ಮುಂದೆ ನುಗ್ಗಿದವನೇ ಗೆದ್ದ ಅನ್ನೋ ಲೆಕ್ಕ ಬಾಕ್ಸಿಂಗ್‌ನಲ್ಲಿ ನಡೆಯಲ್ಲ

ದೊಡ್ಡ ಬಾಕ್ಸಿಂಗ್ ಪಂದ್ಯವೊಂದು ನಾಕೌಟ್ ಇಲ್ಲದೆ ಪಾಯಿಂಟ್ಸ್ ಮೇಲೆ ಮುಗಿದರೆ ಸಾಕು, ಮರುದಿನ ಎರಡು ಮಾತು ಕೇಳಿಬರುತ್ತವೆ. "ಅವನು ಪಂದ್ಯ ಪೂರ್ತಿ ಅಟ್ಟಿಸಿಕೊಂಡು ಹೋದ, ಇವನು ಓಡಾಡಿಕೊಂಡೇ ಇದ್ದ, ಇವನು ಗೆದ್ದಿದ್ದು ಹೇಗೆ?" ಅನ್ನೋದು ಒಂದು. "ಅದು ರಿಂಗ್ ಜನರಲ್‌ಶಿಪ್ ಕಣ್ರೀ" ಅನ್ನೋದು ಇನ್ನೊಂದು. ಮೊದಲನೆಯದು ತಪ್ಪು. ಎರಡನೆಯದನ್ನು ಬಹಳ ಜನ ವಾದ ಮುಗಿಸೋಕೆ ಹೇಳ್ತಾರೆಯೇ ಹೊರತು ರಿಂಗಿನಲ್ಲಿ ನಡೆದದ್ದನ್ನು ತೋರಿಸಿ ಹೇಳಲ್ಲ.

ಕಾದಾಟ ರಿಂಗಿನ ಯಾವ ಜಾಗದಲ್ಲಿ, ಎಷ್ಟು ಅಂತರದಲ್ಲಿ, ಯಾವ ವೇಗದಲ್ಲಿ ನಡೆಯಬೇಕು ಅಂತ ಇಬ್ಬರಲ್ಲಿ ಯಾರು ತೀರ್ಮಾನಿಸ್ತಿದ್ದಾರೆ? ರಿಂಗ್ ಜನರಲ್‌ಶಿಪ್ ಅಂದರೆ ಈ ಪ್ರಶ್ನೆಗೆ ಉತ್ತರ. ಮುಂದೆ ಹೋಗುವವನೂ ತೀರ್ಮಾನಿಸಬಹುದು, ಹಿಂದೆ ಸರಿಯುವವನೂ ತೀರ್ಮಾನಿಸಬಹುದು.

ಪ್ರೊಫೆಷನಲ್ ಬಾಕ್ಸಿಂಗ್‌ನಲ್ಲಿ ರೌಂಡ್ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9, ಒಮ್ಮೆ ನೆಲಕ್ಕೆ ಬಿದ್ದರೆ 8. ರೌಂಡ್ ಯಾರದು ಅಂತ ನಿರ್ಧರಿಸೋಕೆ ಜಡ್ಜ್‌ಗಳು ನಾಲ್ಕು ಅಂಶ ನೋಡ್ತಾರೆ: ಸ್ಪಷ್ಟವಾಗಿ ತಗುಲಿದ ಹೊಡೆತ, ಫಲ ಕೊಟ್ಟ ಆಕ್ರಮಣ, ರಕ್ಷಣೆ, ರಿಂಗ್ ಜನರಲ್‌ಶಿಪ್. ಒಂದೊಂದಕ್ಕೆ ಇಷ್ಟು ಅಂಕ ಅಂತ ಹಂಚಿ ಕೂಡಿಸುವ ಪದ್ಧತಿ ಇಲ್ಲ. ನನ್ನ ಪ್ರಕಾರ ಹೊಡೆತದ ಲೆಕ್ಕವೇ ಮೊದಲು ಬರಬೇಕು. ಹೊಡೆತದಲ್ಲಿ ಇಬ್ಬರೂ ಹತ್ತಿರ ಹತ್ತಿರ ಇದ್ದಾಗ ಮಾತ್ರ ರಿಂಗ್ ಜನರಲ್‌ಶಿಪ್ ತಕ್ಕಡಿಯನ್ನು ಒಂದು ಕಡೆ ವಾಲಿಸಬೇಕು. ಆದರೆ 12 ರೌಂಡ್‌ಗಳ ಸಮಬಲದ ಪಂದ್ಯದಲ್ಲಿ ಅಂಥ ಹತ್ತಿರದ ರೌಂಡ್‌ಗಳೇ ಐದಾರು ಸಿಗುತ್ತವೆ. ಹಾಗಾಗಿ ಕೊನೆಗೆ ಪಟ್ಟ ಯಾರಿಗೆ ಅನ್ನೋದನ್ನು ಇದೇ ತೀರ್ಮಾನಿಸಿಬಿಡೋದೂ ಉಂಟು. ಇನ್ನೊಂದು ವಿಷಯವಿದೆ. ಮೂವರು ಜಡ್ಜ್‌ಗಳು ರಿಂಗಿನ ಮೂರು ಬದಿಯಲ್ಲಿ ಕೂತಿರ್ತಾರೆ. ಬಾಕ್ಸರನ ಬೆನ್ನು ಅಡ್ಡ ಬಂದರೆ ಆ ಹೊಡೆತ ತಗುಲಿತೋ ಗ್ಲೋವ್ ಮೇಲೆ ಬಿತ್ತೋ ಆ ಬದಿಯ ಜಡ್ಜ್‌ಗೆ ಕಾಣಲ್ಲ. ಯಾರು ಯಾರನ್ನು ತಿರುಗಿಸ್ತಿದ್ದಾರೆ ಅನ್ನೋದು ಮಾತ್ರ ಮೂರೂ ಬದಿಗೂ ಕಾಣುತ್ತೆ.

ಹಾಗಾದರೆ ನೋಡಬೇಕಾದ್ದು ಏನು? ಕೈಗಿಂತ ಮೊದಲು ಕಾಲು.

ಎದುರಾಳಿ ಸುತ್ತು ಹೊಡೆಯುತ್ತಾ ತಪ್ಪಿಸಿಕೊಳ್ಳುವವನು ಅಂದುಕೊಳ್ಳಿ. ಅನುಭವ ಇಲ್ಲದವನು ಅವನ ಹಿಂದೆಯೇ ಹೋಗ್ತಾನೆ. ಹಗ್ಗ ಬಿಚ್ಚಿಕೊಂಡ ಕರುವನ್ನು ಹಿಡಿಯುವವರು ಅದರ ಬಾಲದ ಹಿಂದೆ ಓಡಲ್ಲ, ಅದು ಹೋಗುವ ದಾರಿಗೆ ಅಡ್ಡ ಹೋಗ್ತಾರೆ. ಇಲ್ಲೂ ಹಾಗೆಯೇ. ಅವನು ನಿಮ್ಮ ಎಡಕ್ಕೆ ಸರಿದರೆ ನಿಮ್ಮ ಎಡಗಾಲು ಮೊದಲು ಎಡಕ್ಕೂ ಮುಂದಕ್ಕೂ ಓರೆಯಾಗಿ ಹೋಗಬೇಕು, ಬಲಗಾಲು ಅಷ್ಟೇ ದೂರ ಹಿಂಬಾಲಿಸಬೇಕು. ಹೆಜ್ಜೆ ಚಿಕ್ಕದಿರಬೇಕು. ಕಾಲಿಗೆ ಕಾಲು ಅಡ್ಡ ಬಂದ ಕ್ಷಣದಲ್ಲಿ ಏಟು ತಿಂದರೆ ಸಣ್ಣ ಜಾಬ್‌ಗೂ (ಮುಂದಿನ ಕೈಯ ನೇರ, ಚುರುಕು ಹೊಡೆತ) ಮುಗ್ಗರಿಸಬೇಕಾಗುತ್ತೆ. ಅವನು ಸರಿಯುವ ಕಡೆಯಿಂದಲೇ ಹುಕ್ (ಕೈ ಮಡಚಿ ಪಕ್ಕದಿಂದ ಬೀಸುವ ಹೊಡೆತ) ಬರಬೇಕು. ಎಡಕ್ಕೆ ಸರಿದರೆ ಎಡ ಹುಕ್, ಅದೂ ಮೊದಲು ಪಕ್ಕೆಗೆ. ಆಗ ಅವನು ತಾನಾಗಿಯೇ ಹೊಡೆತಕ್ಕೆ ಬಂದು ಬೀಳ್ತಾನೆ. ಹೀಗೆ ಮೂರು ನಾಲ್ಕು ಹೆಜ್ಜೆಯಲ್ಲಿ ಅವನನ್ನು ಮೂಲೆಗೆ ಸೇರಿಸಿ ಹೊಡೆದರೆ ಅದು ಜನರಲ್‌ಶಿಪ್. ಅವನ ಬೆನ್ನು ಹತ್ತಿ ನೇರವಾಗಿ ನಡೆದು ಎರಡೂವರೆ ನಿಮಿಷ ಜಾಬ್ ತಿಂದರೆ, ಮುಂದೆ ಹೋಗಿದ್ದಕ್ಕೆ ಅಂತ ಏನೂ ಸಿಗಬಾರದು.

ಹಿಂದೆ ಸರಿಯುವವನಿಗೂ ಇದೇ ಕಟ್ಟುನಿಟ್ಟು. ನೇರವಾಗಿ ಹಿಂದಕ್ಕೆ ಹೋದವನ ಬೆನ್ನು ಹಗ್ಗಕ್ಕೆ ತಾಗುತ್ತೆ, ಅಲ್ಲಿಗೆ ಅವನ ದಾರಿ ಮುಗೀತು. ಬಲ್ಲವನು ಎರಡು ಹೆಜ್ಜೆ ಹಿಂದಿಟ್ಟು, ಮುಂಗಾಲಿನ (ಮುಂದಿಟ್ಟ ಕಾಲಿನ) ಮೇಲೆ ತಿರುಗಿ ಪಕ್ಕಕ್ಕೆ ಹೊರಬೀಳ್ತಾನೆ. ಹೊರಬೀಳುವಾಗ ಹೊಡೆದೇ ಹೋಗ್ತಾನೆ. ಹೊಡೆಯದೆ ಬರೀ ಸುತ್ತುವುದಕ್ಕೆ ಯಾವ ಜಡ್ಜೂ ಅಂಕ ಕೊಡಬೇಕಾಗಿಲ್ಲ. ಸೌತ್‌ಪಾ, ಅಂದರೆ ಬಲಗೈ ಬಲಗಾಲು ಮುಂದಿಟ್ಟು ಆಡುವವನು, ಎದುರಿಗಿದ್ದರೆ ಯಾರ ಮುಂಗಾಲು ಇನ್ನೊಬ್ಬನ ಮುಂಗಾಲಿನ ಹೊರಗಡೆ ಇದೆ ನೋಡಿ. ಹೊರಗಿರುವವನ ಹಿಂದಿನ ಕೈಗೆ ನೇರ ದಾರಿ ಸಿಗುತ್ತೆ, ಹೊಡೆದ ಮೇಲೆ ಪಕ್ಕಕ್ಕೆ ಜಾರಿಕೊಳ್ಳಲೂ ಜಾಗ ಇರುತ್ತೆ.

1987ರ ಏಪ್ರಿಲ್ 6ರಂದು ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ನಡೆದ ಹ್ಯಾಗ್ಲರ್–ಲೆನಾರ್ಡ್ ಮಿಡಲ್‌ವೇಟ್ ಪಟ್ಟದ ಪಂದ್ಯಕ್ಕಿಂತ ಒಳ್ಳೆ ಪಾಠ ಇದಕ್ಕೆ ಬೇರೆ ಇಲ್ಲ. ಶುಗರ್ ರೇ ಲೆನಾರ್ಡ್ 1984ರ ಮೇ ನಂತರ ಒಂದೂ ಪಂದ್ಯ ಆಡಿರಲಿಲ್ಲ. ಆದರೂ ಗಂಟೆ ಹೊಡೆಯುವ ಮೊದಲೇ, ಪಂದ್ಯದ ಒಪ್ಪಂದದಲ್ಲೇ ಅರ್ಧ ಕೆಲಸ ಮುಗಿಸಿದ್ದ: 15 ರೌಂಡ್ ಬದಲು 12, 20 ಅಡಿಯ ದೊಡ್ಡ ರಿಂಗ್, 10 ಔನ್ಸ್ ಗ್ಲೋವ್ಸ್. 16 ಅಡಿ ರಿಂಗಿನಲ್ಲಿ ಸಿಗೋದು 256 ಚದರ ಅಡಿ, 20 ಅಡಿಯದರಲ್ಲಿ 400. ಸುತ್ತಿ ಆಡುವವನಿಗೆ ಅಷ್ಟು ಜಾಗ ಅಂದರೆ ಉಸಿರು ತಗೊಳ್ಳೋಕೆ ಸಮಯ.

ಆಗಿನ ಚಾಂಪಿಯನ್ ಮಾರ್ವಿನ್ ಹ್ಯಾಗ್ಲರ್ ಸಹಜವಾಗಿ ಸೌತ್‌ಪಾ. ಅಂಥವನು ಮೊದಲ ಎರಡು ರೌಂಡ್ ಆರ್ಥೊಡಾಕ್ಸ್ (ಎಡಗಾಲು ಮುಂದಿಟ್ಟ) ನಿಲುವಿನಲ್ಲಿ ಆಡಿದ. ಮೂವರು ಜಡ್ಜ್‌ಗಳೂ ಆ ಎರಡೂ ರೌಂಡ್ ಲೆನಾರ್ಡ್‌ಗೆ ಕೊಟ್ಟರು. ಮುಂದೆ ಹ್ಯಾಗ್ಲರ್ ತನ್ನ ನಿಲುವಿಗೆ ಮರಳಿದ, ಒತ್ತಡ ಹೆಚ್ಚಿಸಿದ. ಲೆನಾರ್ಡ್ ಸುತ್ತುತ್ತಾ, ಅಪ್ಪಿ ಹಿಡಿಯುತ್ತಾ, ರೌಂಡ್ ಮುಗಿಯುವ ಹೊತ್ತಿಗೆ ಹೊಡೆತಗಳ ಸುರಿಮಳೆ ಸುರಿಸುತ್ತಾ ಹೋದ. ತೀರ್ಪು: ಲೆನಾರ್ಡ್‌ಗೆ 118-110, 115-113, ಹ್ಯಾಗ್ಲರ್‌ಗೆ 115-113.

ಆ ಎರಡು ರೌಂಡ್ ಹ್ಯಾಗ್ಲರ್ ಗೆದ್ದಿದ್ದರೆ? ಲೆನಾರ್ಡ್‌ಗೆ 115-113 ಇದ್ದ ಜಡ್ಜ್‌ನ ಕಾರ್ಡ್ (ಅಂಕಪಟ್ಟಿ) ತಿರುಗಿ ಹ್ಯಾಗ್ಲರ್‌ಗೆ 115-113 ಆಗ್ತಿತ್ತು, ಪಟ್ಟ ಅವನಲ್ಲೇ ಉಳೀತಿತ್ತು. ಹಾಗಾಗಿ ನಾನು ಲೆನಾರ್ಡ್ ಗೆಲುವನ್ನು ಒಪ್ತೀನಿ. 118-110 ಅನ್ನು ಮಾತ್ರ ಯಾವತ್ತೂ ಒಪ್ಪಲ್ಲ. ತಗುಲಿದ ಹೊಡೆತ ಲೆನಾರ್ಡ್‌ನದು 306, ಹ್ಯಾಗ್ಲರ್‌ನದು 291. ಅಂತರ ಬರೀ 15. ಅಷ್ಟು ಹತ್ತಿರದ ಪಂದ್ಯದಲ್ಲಿ 12ಕ್ಕೆ 10 ರೌಂಡ್ ಒಬ್ಬನಿಗೇ ಕೊಟ್ಟರೆ, ಆ ಜಡ್ಜ್ ಕಾಲಿನ ಚಲನೆಗೆ ಮರುಳಾಗಿ ಹೊಡೆತ ಎಣಿಸೋದನ್ನೇ ಮರೆತ ಅಂತಾಗುತ್ತೆ.

ಹಗ್ಗಕ್ಕೆ ಒರಗಿದವನು ಸೋಲುತ್ತಿದ್ದಾನೆ ಅನ್ನುವವರಿಗೆ ಮಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್‌ಮನ್ ನಡುವಿನ 1974ರ ಕಿನ್ಶಾಸಾ ಪಂದ್ಯ ಸಾಕು. ಅಲಿ ಬೇಕಂತಲೇ ಹಗ್ಗಕ್ಕೆ ಒರಗಿ ಫೋರ್‌ಮನ್‌ನ ಕೈಗಳನ್ನು ದಣಿಸಿದ. ಎಂಟನೇ ರೌಂಡಿನಲ್ಲಿ ನಾಕೌಟ್ ಮಾಡುವಾಗ ಕಾರ್ಡ್‌ಗಳಲ್ಲೂ ಅಲಿಯೇ ಮುಂದಿದ್ದ.

ಒಲಿಂಪಿಕ್ಸ್ ಲೆಕ್ಕ ಸ್ವಲ್ಪ ಬೇರೆ. ಮೂರೇ ರೌಂಡ್, ಐವರು ಜಡ್ಜ್‌ಗಳು. ಗುಣಮಟ್ಟದ ಹೊಡೆತಗಳ ಜೊತೆಗೆ ತಾಂತ್ರಿಕ, ತಂತ್ರಗಾರಿಕೆಯ ಮೇಲುಗೈಯನ್ನೂ ನೋಡ್ತಾರೆ. ಟೋಕಿಯೊದಲ್ಲಿ ಮೇರಿ ಕೋಮ್ ಅವರು ಕೊಲಂಬಿಯಾದ ಇಂಗ್ರಿಟ್ ವೆಲೆನ್ಸಿಯಾ ಎದುರು ಸೋತಾಗ "ಮೂರರಲ್ಲಿ ಎರಡು ರೌಂಡ್ ಗೆದ್ದವರು ಸೋಲೋದು ಹೇಗೆ" ಅಂತ ನಮ್ಮಲ್ಲಿ ಎಲ್ಲರೂ ಕೇಳಿದ್ದರು. ಮೊದಲ ರೌಂಡ್ 4-1 ವೆಲೆನ್ಸಿಯಾಗೆ, ಉಳಿದೆರಡೂ 3-2 ಮೇರಿಗೆ. ಆದರೆ ಕೂಡಿಸೋದು ರೌಂಡ್‌ಗಳನ್ನಲ್ಲ, ಒಬ್ಬೊಬ್ಬ ಜಡ್ಜ್‌ನ ಮೂರೂ ರೌಂಡಿನ ಅಂಕಗಳನ್ನು. ಹಾಗೆ ಕೂಡಿಸಿದಾಗ ಮೂವರ ಕಾರ್ಡ್ ವೆಲೆನ್ಸಿಯಾ ಕಡೆ ಬಿತ್ತು. ಮೂರೇ ರೌಂಡ್ ಇರುವಾಗ ಎದುರಾಳಿಯನ್ನು ಅಳೆದು ನೋಡೋಕೆ ಅಂತ ಮೊದಲ ರೌಂಡ್ ಬಿಟ್ಟುಕೊಡುವ ಹಾಗಿಲ್ಲ. 12 ರೌಂಡಿನ ಪಂದ್ಯದಲ್ಲಿ ಅದಕ್ಕೆ ಅವಕಾಶ ಇರುತ್ತೆ.

ಮುಂದಿನ ಪಂದ್ಯ ನೋಡುವಾಗ ಕಾಮೆಂಟರಿಯ ಧ್ವನಿ ನಿಲ್ಲಿಸಿ, ಕೈಯಲ್ಲಿ ಕಾಗದ ಇಟ್ಟುಕೊಳ್ಳಿ. ಗಂಟೆ ಹೊಡೆದ ತಕ್ಷಣ 10-9 ಯಾರಿಗೆ ಅಂತ ಬರೆಯಿರಿ, ಆಮೇಲೆ ತಿದ್ದಬೇಡಿ. ಪಕ್ಕದಲ್ಲಿ ಕಾರಣ ಒಂದೇ ಪದದಲ್ಲಿ ಇರಲಿ: ಹೊಡೆತ, ಅಥವಾ ಹಿಡಿತ (ಅಂದರೆ ರಿಂಗ್ ಜನರಲ್‌ಶಿಪ್). "ಹಿಡಿತ" ಅಂತ ಬರೆದ ರೌಂಡ್‌ಗಳನ್ನು ಇನ್ನೊಮ್ಮೆ ಹಾಕಿ, ಈ ಸಲ ಸೊಂಟದಿಂದ ಕೆಳಗೆ ಮಾತ್ರ ನೋಡಿ.