ರೋಮ್‌ಗೆ ಹೋಗ್ತೀರಾ? ಮೊದಲು ಆ ಲಿಸ್ಟ್ ಅರ್ಧಕ್ಕೆ ಕತ್ತರಿಸಿ

ಚಿಕ್ಕಪ್ಪನ ಮಗಳು ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಎಕ್ಸೆಲ್ ಶೀಟ್ ಕಳಿಸಿದ್ದಳು. ಮೇ ತಿಂಗಳಲ್ಲಿ ಗಂಡ, ಅತ್ತೆ, ಮಾವನ ಜೊತೆ ರೋಮ್‌ಗೆ ಹೊರಟಿದ್ದಾಳೆ. ಮೂರು ದಿನ, ಇಪ್ಪತ್ತೇಳು ಜಾಗ. ಒಂದೊಂದಕ್ಕೂ ನಿಮಿಷದ ಲೆಕ್ಕ. ಪ್ಯಾಂಥಿಯನ್‌ಗೆ ಇಪ್ಪತ್ತು ನಿಮಿಷ, ಟ್ರೆವಿ ಕಾರಂಜಿಗೆ ಹದಿನೈದು. "ಅಕ್ಕ, ಏನಾದ್ರೂ ಬಿಟ್ಟುಹೋಗಿದ್ಯಾ ನೋಡು" ಅಂತ ಕೆಳಗೆ ಮೆಸೇಜ್. ನೋಡಿದೆ. ಊಟ ಬಿಟ್ಟುಹೋಗಿತ್ತು.

ನಗೋ ಹಕ್ಕು ನನಗೂ ಇಲ್ಲ ಬಿಡಿ. ಮೊದಲ ಸಲ ನಾನು ಹೋಗಿದ್ದು ಪ್ಯಾಕೇಜ್ ಟೂರ್‌ನಲ್ಲಿ. ಹನ್ನೊಂದು ದಿನಕ್ಕೆ ಏಳು ದೇಶ, ಅದರಲ್ಲಿ ರೋಮ್ ಪಾಲಿಗೆ ಒಂದು ದಿನ. ಕೊಲೋಸಿಯಂ ಎದುರು ಇಳಿಸಿ "ಫೋಟೋಗೆ ಹತ್ತು ನಿಮಿಷ" ಅಂದರು. ಒಳಗೆ ಹೋಗುವ ಟಿಕೆಟ್ ಪ್ಯಾಕೇಜ್‌ನಲ್ಲಿ ಸೇರಿಲ್ಲ ಅಂತ ಅಲ್ಲಿ ನಿಂತ ಮೇಲೆ ಗೊತ್ತಾಯಿತು. ಆ ದಿನದಲ್ಲಿ ಈಗ ನೆನಪಿರುವುದು ಬಸ್ಸಿನ ಕಿಟಕಿ, ಮಧ್ಯಾಹ್ನದ ಪನೀರ್ ಬಟರ್ ಮಸಾಲ. ಅಷ್ಟೇ.

ಎರಡನೇ ಸಲ ಅಮ್ಮನ ಜೊತೆ ಹೋದೆ. ಅಕ್ಟೋಬರ್, ಐದು ದಿನ. ಅಮ್ಮನಿಗೆ ಮಂಡಿನೋವು. "ದಿನಕ್ಕೆ ಎರಡು ಜಾಗ, ಅದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ" ಅಂತ ಹೊರಡುವ ಮುಂಚೆಯೇ ಹೇಳಿಬಿಟ್ಟಳು. ಆಗ ಒಳಗೊಳಗೆ ಬೇಜಾರಾಗಿತ್ತು. ಈಗ ಅನ್ನಿಸುತ್ತೆ, ನಾನು ರೋಮ್ ನೋಡಿದ್ದೇ ಆ ಮಂಡಿಯ ದಯೆಯಿಂದ.

ಮೊದಲು ಕೊಲೋಸಿಯಂ ವಿಷಯ ಮುಗಿಸಿಬಿಡ್ತೀನಿ, ಎಲ್ಲರೂ ಕೇಳುವುದು ಅದನ್ನೇ. ಟಿಕೆಟ್ಟನ್ನು ಅಧಿಕೃತ ವೆಬ್‌ಸೈಟಿನಲ್ಲೇ ಮುಂಚಿತವಾಗಿ ತಗೊಳ್ಳಿ. ನಾವು ಹೋದಾಗ 18 ಯೂರೋ ಇತ್ತು. ಟಿಕೆಟ್ ಮೇಲೆ ಹೆಸರು ಇರುತ್ತೆ, ಹಾಗಾಗಿ ಪಾಸ್‌ಪೋರ್ಟ್ ಜೊತೆಗಿರಲಿ. ಅದೇ ಟಿಕೆಟ್ಟಿನಲ್ಲಿ ಪಕ್ಕದ ಫೋರಂ (ಹಳೇ ರೋಮ್‌ನ ಊರ ಚೌಕದ ಅವಶೇಷ) ಮತ್ತು ಪ್ಯಾಲಟೈನ್ ಗುಡ್ಡವೂ ಸೇರಿದೆ, 24 ಗಂಟೆ ನಡೆಯುತ್ತೆ. ಬಹಳ ಜನ ಮೂರನ್ನೂ ಒಂದೇ ಬಿಸಿಲಿನಲ್ಲಿ ಮುಗಿಸೋಕೆ ಹೋಗಿ ಸುಸ್ತಾಗಿ ಬೀಳ್ತಾರೆ. ನಾವು ಮಧ್ಯಾಹ್ನ ಮೂರರ ಮೇಲೆ ಕೊಲೋಸಿಯಂ ನೋಡಿದೆವು, ಮಾರನೇ ದಿನ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಫೋರಂ. ಫೋರಂನಲ್ಲಿ ನೆರಳು ಕಮ್ಮಿ. ಹಂಪಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಓಡಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮತ್ತೆ ಸ್ವಲ್ಪ ಓದಿಕೊಂಡು ಹೋಗಿ. ಇಲ್ಲದಿದ್ದರೆ ಅದು ಮುರಿದ ಕಂಬಗಳ ರಾಶಿ, ಅಷ್ಟೇ. ಸುಮ್ನೆ ಹೇಳ್ತಿಲ್ಲ, ನನ್ನ ಪಕ್ಕದಲ್ಲೇ ಒಬ್ಬರು "ಇದಕ್ಕಾ ಇಷ್ಟು ದುಡ್ಡು" ಅಂತ ಗೊಣಗುತ್ತಿದ್ದರು, ಅದೂ ಕನ್ನಡದಲ್ಲಿ.

ಟಿಕೆಟ್ ಬೇಡ, ಫೋರಂ ಸುಮ್ಮನೆ ಒಮ್ಮೆ ನೋಡಿದರೆ ಸಾಕು ಅನ್ನುವವರು ಸಂಜೆ ಕ್ಯಾಪಿಟೊಲೈನ್ ಗುಡ್ಡ ಹತ್ತಿ. ಮೇಲಿರುವ ಚೌಕ ಮೈಕೆಲೆಂಜೆಲೊ ವಿನ್ಯಾಸ ಮಾಡಿದ್ದು. ಅದರ ಹಿಂದುಗಡೆ ಹೋದರೆ ಒಂದು ಕಟ್ಟೆ. ಇಡೀ ಫೋರಂ ಕೆಳಗೆ ಹರಡಿಕೊಂಡಿರುತ್ತೆ, ಆ ತುದಿಯಲ್ಲಿ ಕೊಲೋಸಿಯಂ. ಒಂದು ಪೈಸೆ ಖರ್ಚಿಲ್ಲ.

ಈಗ ಪ್ಯಾಂಥಿಯನ್. ಇಪ್ಪತ್ತು ನಿಮಿಷ ಅಂತೆ! ಚಕ್ರವರ್ತಿ ಹೇಡ್ರಿಯನ್ ಕಾಲದ ಕಟ್ಟಡ, ಹೆಚ್ಚುಕಮ್ಮಿ 1900 ವರ್ಷ ಆಗಿದೆ. ಕಂಬಿಯೇ ಇಲ್ಲದ ಕಾಂಕ್ರೀಟ್ ಗುಮ್ಮಟ, ಅಡ್ಡಗಲ 43.3 ಮೀಟರ್. ನೆಲದಿಂದ ಮೇಲಿನ ಕಿಂಡಿಗೂ ಅಷ್ಟೇ ಎತ್ತರ. ಬುಡದಲ್ಲಿ ಗೋಡೆ ದಪ್ಪ, ಭಾರದ ಕಲ್ಲು. ಮೇಲೆ ಹೋದ ಹಾಗೆ ತೆಳು, ಕಾಂಕ್ರೀಟಿಗೆ ಬೆರೆಸಿದ್ದು ಹಗುರವಾದ ಜ್ವಾಲಾಮುಖಿ ಕಲ್ಲು. ನೆತ್ತಿಯ ಕಿಂಡಿಗೆ ಮುಚ್ಚಳವಿಲ್ಲ. ಮಳೆ ಬಂದರೆ ಒಳಗೇ ಬೀಳುತ್ತೆ, ನೀರು ಹೋಗೋಕೆ ನೆಲದಲ್ಲಿ ಸಣ್ಣ ಸಣ್ಣ ತೂತುಗಳಿವೆ. ನಾವು ಹೋದ ದಿನ ಬಿಸಿಲಿತ್ತು. ಕಿಂಡಿಯಿಂದ ಬಿದ್ದ ಬೆಳಕು ಗೋಡೆ ಮೇಲೆ ದೊಡ್ಡ ದೋಸೆಯ ಹಾಗೆ ಕೂತಿತ್ತು. ಅಮ್ಮ ಬೆಂಚಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಸುಮಾರು ಹೊತ್ತಾದ ಮೇಲೆ "ನೋಡು, ಆಗ ಆ ಕಂಬದ ಮೇಲಿತ್ತು, ಈಗ ಈ ಕಡೆ ಬಂದಿದೆ" ಅಂದಳು. ಮುಕ್ಕಾಲು ಗಂಟೆ ಆಗಿತ್ತು. ಇಪ್ಪತ್ತು ನಿಮಿಷಕ್ಕೆ ಎದ್ದಿದ್ದರೆ ಬೆಳಕು ನಡೆಯುತ್ತೆ ಅನ್ನೋದೇ ನಮಗೆ ಗೊತ್ತಾಗುತ್ತಿರಲಿಲ್ಲ. 2023ರಿಂದ ಇದಕ್ಕೂ ಟಿಕೆಟ್ ಇಟ್ಟಿದ್ದಾರೆ. ಪರವಾಗಿಲ್ಲ, ಕೊಡಿ.

ನನ್ನ ನಿಜವಾದ ತಕರಾರು ಬೇರೆಯದು. ಈ ಲಿಸ್ಟ್‌ಗಳಲ್ಲಿ ಚರ್ಚ್‌ಗಳೇ ಇರಲ್ಲ. ಇದ್ದರೂ ವ್ಯಾಟಿಕನ್ ಒಂದೇ. ಊರಿನ ಒಳ್ಳೊಳ್ಳೆ ಚಿತ್ರ, ಶಿಲ್ಪ ಎಲ್ಲ ಬೀದಿಬದಿಯ ಚರ್ಚ್‌ಗಳಲ್ಲಿ ಬಿಟ್ಟಿ ನೋಡೋಕೆ ಸಿಗುತ್ತೆ. ಸಾನ್ ಪಿಯೆತ್ರೋ ಇನ್ ವಿಂಕೊಲಿ ಅನ್ನೋ ಚರ್ಚ್‌ನಲ್ಲಿ ಮೈಕೆಲೆಂಜೆಲೊ ಕೆತ್ತಿದ ಬೈಬಲ್ಲಿನ ಪ್ರವಾದಿ ಮೋಸೆಸ್ ಕೂತಿದ್ದಾನೆ, ತಲೆ ಮೇಲೆ ಎರಡು ಕೊಂಬು. ಸಾನ್ ಲುಯಿಜಿ ದೇಯ್ ಫ್ರಾಂಚೆಸಿಯಲ್ಲಿ ಕ್ಯಾರವಾಜಿಯೊ ಬರೆದ ಮೂರು ದೊಡ್ಡ ಚಿತ್ರಗಳಿವೆ. ಅದೇ ಪುಣ್ಯಾತ್ಮನ ಇನ್ನೆರಡು ಸಾಂತಾ ಮರಿಯಾ ದೆಲ್ ಪೊಪೊಲೊದಲ್ಲಿವೆ, ಊರಿನ ಉತ್ತರದ ಹಳೇ ಹೆಬ್ಬಾಗಿಲ ಪಕ್ಕ.

ಅಲ್ಲಿ ಒಂದು ತಮಾಷೆ ಆಯಿತು. ಚಿತ್ರಗಳಿರುವುದು ಎಡಮೂಲೆಯ ಸಣ್ಣ ಗುಡಿಯಂಥ ಜಾಗದಲ್ಲಿ. ಕತ್ತಲು. ಪಕ್ಕದಲ್ಲಿ ಒಂದು ಡಬ್ಬಿ, ಅದಕ್ಕೆ ನಾಣ್ಯ ಹಾಕಿದರೆ ಸ್ವಲ್ಪ ಹೊತ್ತು ದೀಪ ಹತ್ತುತ್ತೆ. ಏಳೆಂಟು ಜನ ನಿಂತಿದ್ದರು. ಯಾರಾದರೂ ಹಾಕಲಿ ಅಂತ ಎಲ್ಲರೂ ಕಾಯುತ್ತಿದ್ದರು. ಅಮ್ಮ ಅತ್ತ ಇತ್ತ ನೋಡಿದಳು. ಸೆರಗಿನ ಗಂಟು ಬಿಚ್ಚಿ (ಹೌದು, ರೋಮ್‌ನಲ್ಲೂ ಚಿಲ್ಲರೆ ಇದ್ದಿದ್ದು ಸೆರಗಿನ ಗಂಟಲ್ಲೇ) ಹುಂಡಿಗೆ ಹಾಕುವ ಹಾಗೆ ಹಾಕಿದಳು. ಟಕ್ ಅಂತ ಬೆಳಕು.

ಬಲಗಡೆ ಸಂತ ಪಾಲ್ ಕುದುರೆಯಿಂದ ಬಿದ್ದು ಅಂಗಾತ ಮಲಗಿದ್ದಾನೆ. ಚಿತ್ರದ ಮುಕ್ಕಾಲು ಪಾಲು ಕುದುರೆಯೇ. "ಕುದುರೆ ಹಿಂಭಾಗ ನೋಡೋಕೆ ದುಡ್ಡು ಹಾಕಿದ್ನಾ?" ಅಂದಳು ಅಮ್ಮ. ಆಮೇಲೆ ಎಡಗಡೆ ತಿರುಗಿದಳು. ಅಲ್ಲಿ ಸಂತ ಪೀಟರನನ್ನು ಶಿಲುಬೆಗೆ ಹೊಡೆದು ತಲೆಕೆಳಗು ಮಾಡಿ ಎತ್ತುತ್ತಿದ್ದಾರೆ. ಒಬ್ಬ ಹಗ್ಗ ಎಳೆಯುತ್ತಿದ್ದಾನೆ, ಒಬ್ಬ ಕೆಳಗೆ ಬಗ್ಗಿ ಬೆನ್ನು ಕೊಟ್ಟಿದ್ದಾನೆ. ಬಗ್ಗಿದವನ ಅಂಗಾಲಿನಲ್ಲಿ ಕೊಳೆ. ಪೀಟರ್ ಮುದುಕ, ನೋವಿಗಿಂತ ಗಾಬರಿ ಜಾಸ್ತಿ. ಅಮ್ಮ ಮಾತಾಡಲಿಲ್ಲ. ದೀಪ ಆರಿತು. ಇನ್ನೊಂದು ನಾಣ್ಯ ಹಾಕಿದಳು. "ಪಾಪ, ಎತ್ತೋರೂ ಕೂಲಿಯವರೇ ಅಲ್ವಾ" ಅಂದಳು. 1601ರ ಸುಮಾರಿನ ಚಿತ್ರ ಅದು. ನಾನು ಓದಿದ ಯಾವ ಗೈಡ್‌ಗಿಂತ ಆ ಒಂದು ಮಾತು ನನಗೆ ಜಾಸ್ತಿ ತೋರಿಸಿತು.

ಚರ್ಚ್‌ಗಳಿಗೆ ಹೋಗುವವರು ಎರಡು ವಿಷಯ ನೆನಪಿಡಿ. ಸಣ್ಣವು ಬಹಳಷ್ಟು ಮಧ್ಯಾಹ್ನ ಹನ್ನೆರಡರ ಮೇಲೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಮೂರೂವರೆ, ನಾಲ್ಕಕ್ಕೆ. ಮತ್ತೆ ಭುಜ, ಮಂಡಿ ಮುಚ್ಚಿರಬೇಕು. ಒಂದು ದುಪ್ಪಟ್ಟ ಬ್ಯಾಗಿನಲ್ಲಿರಲಿ.

ವ್ಯಾಟಿಕನ್ ಮ್ಯೂಸಿಯಂ ಬಗ್ಗೆ ನನ್ನ ಅಭಿಪ್ರಾಯ ಹೇಳಿದರೆ ಕೆಲವರಿಗೆ ಕೋಪ ಬರುತ್ತೆ. ಜಾತ್ರೆ. ಜನ ತಳ್ಳಿಕೊಂಡು ಹೋಗಿ ಸಿಸ್ಟೀನ್ ಚಾಪೆಲ್ ಒಳಗೆ ಬಿಡ್ತಾರೆ, ಅಲ್ಲಿ ಫೋಟೋ ತೆಗೆಯೋ ಹಾಗಿಲ್ಲ. ಮೈಕೆಲೆಂಜೆಲೊ 1508ರಿಂದ 1512ರವರೆಗೆ ಬರೆದ ಚಾವಣಿ ನೋಡೋಕೆ ಕತ್ತು ನೋಯುತ್ತೆ, ಆದರೂ ನೋಡಲೇಬೇಕು. ಹೋಗಿ, ಆದರೆ ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ. ಭಾನುವಾರ ಮುಚ್ಚಿರುತ್ತೆ. ತಿಂಗಳ ಕೊನೇ ಭಾನುವಾರ ಮಾತ್ರ ತೆರೆದಿರುತ್ತೆ, ಅದೂ ಬಿಟ್ಟಿ, ಆ ರಶ್ಶಿಗೆ ದೂರದಿಂದಲೇ ನಮಸ್ಕಾರ. ಸೇಂಟ್ ಪೀಟರ್ಸ್ ಚರ್ಚ್ ಎದುರಿನ ಚೌಕದಲ್ಲಿ ಮಾತ್ರ ಒಂದು ಆಟ ಆಡಿ. ಕಾರಂಜಿಗಳ ಹತ್ತಿರ ನೆಲದಲ್ಲಿ ಒಂದು ದುಂಡು ಕಲ್ಲು ಇದೆ. ಅದರ ಮೇಲೆ ನಿಂತು ನೋಡಿದರೆ ಶಿಲ್ಪಿ ಬೆರ್ನಿನಿಯ ನಾಲ್ಕು ಸಾಲು ಕಂಬಗಳು ಒಂದೇ ಸಾಲಾಗಿ ಕಾಣುತ್ತವೆ. ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಮತ್ತೆ ನಾಲ್ಕು.

ಊಟ, ತಿಂಡಿ. ಕಾಫಿಗೆ ಕೂತರೆ ಒಂದು ರೇಟು, ಕೌಂಟರ್ ಹತ್ತಿರ ನಿಂತು ಕುಡಿದರೆ ಇನ್ನೊಂದು. ಕೆಲವು ಕಡೆ ಮೊದಲು ದುಡ್ಡು ಕೊಟ್ಟು ಚೀಟಿ ತಗೊಂಡು ಕೌಂಟರಿಗೆ ಹೋಗಬೇಕು. ದರ್ಶಿನಿಯಲ್ಲಿ ಬೆಳೆದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸಸ್ಯಾಹಾರಿಗಳು ಹುಷಾರು: ಕುಂಬಳ ಜಾತಿಯ ಹೂವಿನ ಬಜ್ಜಿ ಸಿಗುತ್ತೆ, ಒಳಗೆ ಚೀಸ್ ಜೊತೆ ಸಣ್ಣ ಮೀನು ಇಟ್ಟಿರ್ತಾರೆ. ಸುಪ್ಲಿ ಅನ್ನೋ ಅನ್ನದ ಬೋಂಡಾದಲ್ಲೂ ಸಾಮಾನ್ಯವಾಗಿ ಮಾಂಸದ ಸಾಸ್ ಇರುತ್ತೆ. ತೂಕಕ್ಕೆ ಕತ್ತರಿಸಿ ಕೊಡುವ ಪಿಜ್ಜಾ, ಹುರಿದ ಆರ್ಟಿಚೋಕ್, ಚೀಸ್ ಮತ್ತು ಕರಿಮೆಣಸಿನ ಪಾಸ್ತಾ ಕಾಚೊ ಎ ಪೆಪೆ ನಮ್ಮ ಕೈ ಹಿಡಿದವು. (ಆ ಚೀಸ್‌ಗೆ ಕುರಿಮರಿಯ ಹೊಟ್ಟೆಯ ಹೆಪ್ಪು ಹಾಕ್ತಾರೆ. ಕಟ್ಟುನಿಟ್ಟಿನವರು ಕೇಳಿಕೊಂಡು ತಿನ್ನಿ. ಅಮ್ಮನಿಗೆ ನಾನು ಹೇಳಲಿಲ್ಲ. ಅಮ್ಮ ಫೇಸ್‌ಬುಕ್‌ನಲ್ಲಿ ಇಲ್ಲ.)

ಮೆಣಸು ಅಂದಾಗ ನೆನಪಾಯಿತು. ಡೊಮಿಷಿಯನ್ ಅನ್ನೋ ಚಕ್ರವರ್ತಿ ಫೋರಂ ಪಕ್ಕದಲ್ಲೇ ಮೆಣಸಿಗೆ ಅಂತ ಉಗ್ರಾಣ ಕಟ್ಟಿಸಿದ್ದ. ಮಲಬಾರ್ ಕರಾವಳಿಯಿಂದ ಹಡಗಿನಲ್ಲಿ ಹೋಗುತ್ತಿದ್ದ ಮೆಣಸು. ಇನ್ನು ಟರ್ಮಿನಿ ಸ್ಟೇಷನ್ ಹತ್ತಿರ ಪಲಾಜ್ಜೊ ಮಾಸ್ಸಿಮೊ ಮ್ಯೂಸಿಯಂ ಇದೆ, ಸೋಮವಾರ ರಜೆ. ಮಹಡಿ ಮೇಲೆ ಚಕ್ರವರ್ತಿ ಅಗಸ್ಟಸ್‌ನ ಹೆಂಡತಿ ಲಿವಿಯಾಳ ಮನೆಯ ಗೋಡೆಚಿತ್ರ, ಕೋಣೆ ತುಂಬ ಹಣ್ಣಿನ ಮರ, ಹಕ್ಕಿ. ನೆಲಮಾಳಿಗೆಯಲ್ಲಿ ನಾಣ್ಯಗಳು. ಅಮ್ಮನ ತವರು ಚಿತ್ರದುರ್ಗ. ಅಲ್ಲಿನ ಚಂದ್ರವಳ್ಳಿಯಲ್ಲಿ ಅಗೆದಾಗ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದು ಅವಳಿಗೆ ಸ್ಕೂಲಿನಿಂದಲೇ ಗೊತ್ತು. ಗಾಜಿಗೆ ಮೂಗು ತಾಗಿಸಿ ನಿಂತು, "ನಮ್ಮೂರಿಗೆ ಬಂದಿದ್ದು ಇವರ ಚಿಲ್ಲರೆನಾ" ಅಂದಳು. ಮಂಡಿನೋವು ಅಂದವಳು ಅಲ್ಲಿ ಕೂರಲೇ ಇಲ್ಲ.

ನೀರಿನ ಬಾಟಲಿಗೆ ದುಡ್ಡು ಸುರಿಯಬೇಡಿ. ಬೀದಿಬೀದಿಯಲ್ಲಿ ಎರಕದ ಕಬ್ಬಿಣದ ಗಿಡ್ಡ ಕಂಬಗಳಿವೆ. ಬಾಗಿದ ಮೂಗಿನಂಥ ನಳಿಕೆಯಿಂದ ತಣ್ಣಗಿನ ಕುಡಿಯುವ ನೀರು ಸದಾ ಸುರಿಯುತ್ತಿರುತ್ತೆ. ಹೆಸರೇ ನಾಸೋನೆ, ದೊಡ್ಡ ಮೂಗು. 1870ರ ದಶಕದಿಂದ ಇವೆ. ನಳಿಕೆಯ ಬಾಯಿಗೆ ಬೆರಳು ಒತ್ತಿ ಹಿಡಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತೆ, ಬಗ್ಗದೆ ಕುಡಿಯಬಹುದು. ಮೊದಲ ಸಲ ನಾನು ಮಾಡಿದಾಗ ಪೂರ್ತಿ ಮುಖಕ್ಕೆ ಬಂತು.

ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಹಳೇ ಊರೊಳಗೆ ಹೋಗಬೇಡಿ, ಕಲ್ಲು ಹಾಸಿದ ಬೀದಿ ಚಕ್ರ ತಿಂದುಹಾಕುತ್ತೆ. ಮೆಟ್ರೋದಲ್ಲಿ ಬ್ಯಾಗ್ ಎದೆ ಮೇಲಿರಲಿ. ನನ್ನದು ಬೆನ್ನ ಮೇಲಿತ್ತು, ಇಳಿಯುವಷ್ಟರಲ್ಲಿ ಜಿಪ್ ತೆರೆದಿತ್ತು. ಹೋಗಿದ್ದು ಒಂದು ಡಬ್ಬಿ ಚಕ್ಕುಲಿ.

ಎಕ್ಸೆಲ್ ಶೀಟ್ ವಾಪಸ್ ಕಳಿಸಿದೆ, ಹದಿನಾರು ಸಾಲು ಕೆಂಪು ಮಾಡಿ. ಅರ್ಧ ಗಂಟೆ ಉತ್ತರ ಇಲ್ಲ. ಆಮೇಲೆ "ಅಕ್ಕ, ಎಲ್ಲ ಓಕೆ. ಆದ್ರೆ ಟ್ರೆವಿ ಬಿಡಲ್ಲ, ಅತ್ತೆ ನಾಣ್ಯ ಎಸೀಬೇಕಂತೆ" ಅಂದಳು. ಸರಿ ಮಾರಾಯ್ತಿ, ಬೆಳಗ್ಗೆ ಆರೂವರೆಗೆ ಕರ್ಕೊಂಡು ಹೋಗು ಅಂದೆ.