ಹೆಣ್ಣು ಪಾತ್ರ ಯಾಕೆ ಅಂತ ಕೇಳಬೇಡಿ

ರೋಲ್ ಪ್ಲೇಯಿಂಗ್ ಗೇಮ್‌ನಲ್ಲಿ, ಅಂದರೆ ಕಥೆಯೊಳಗಿನ ಒಂದು ಪಾತ್ರವಾಗಿ ಆಡುವ ವಿಡಿಯೋ ಗೇಮ್‌ನಲ್ಲಿ, ನಾನು ಹೆಣ್ಣು ಪಾತ್ರ ಆರಿಸಿಕೊಂಡರೆ ಸಾಕು, ಪಕ್ಕದಲ್ಲಿ ಕೂತವರಿಗೆ ಕಾರಣ ಬೇಕು. ನೀನು ಗಂಡಸಲ್ವಾ ಅನ್ನುತ್ತಾರೆ. ಸ್ಕೈರಿಮ್ ಅನ್ನೋ ಗೇಮ್‌ನಲ್ಲಿ ಹಲ್ಲಿ ಮೈಯ ಆರ್ಗೋನಿಯನ್ ಆಗಿ ಆಡಿದಾಗ ಯಾರೂ ಹೀಗೆ ಕೇಳಿರಲಿಲ್ಲ.

2007ರಲ್ಲಿ ಬಂದ ಮಾಸ್ ಎಫೆಕ್ಟ್ ಗೇಮ್‌ನಲ್ಲಿ ನಾವು ಆಡುವ ಕಮಾಂಡರ್ ಶೆಪರ್ಡ್ ಹೆಣ್ಣೂ ಆಗಬಹುದು, ಗಂಡೂ ಆಗಬಹುದು. ಕಥೆ ಹೆಚ್ಚುಕಮ್ಮಿ ಒಂದೇ. ಆದರೆ ನಟಿ ಜೆನಿಫರ್ ಹೇಲ್ ದನಿಯಲ್ಲಿ ಆ ಹೆಣ್ಣು ಕಮಾಂಡರ್ ಗದರಿದಾಗ ಮೈ ಜುಮ್ ಅನ್ನುತ್ತದೆ. ಅಂಥವಳನ್ನು ಈ ಸರಣಿಯ ಮೊದಲ ಎರಡು ಆಟಗಳ ಬಾಕ್ಸ್ ಮೇಲೆ ಹಾಕಲೇ ಇಲ್ಲ. 2012ರ ಮೂರನೆಯದರಲ್ಲಿ ಹಾಕಿದರು, ಅದೂ ಕವರ್ ಹಾಳೆಯ ಒಳಮೈ ಹೊರಗೆ ಬರುವಂತೆ ತಿರುಗಿಸಿದರೆ ಮಾತ್ರ. ನನಗೆ ಇವತ್ತಿಗೂ ಬೇಜಾರು.

ಗಂಟೆಗಟ್ಟಲೆ ಜೊತೆಗಿರುವ ಪಾತ್ರ ನನಗೆ ಇಷ್ಟವಾಗಬೇಕು, ಅಷ್ಟೇ. ಸುಮ್ನೆ ಆಡೋಕೆ ಬಿಡಿ.