ಸ್ಪಷ್ಟನೆ: ಪಿ ವ್ಯಾಲ್ಯೂ 0.05 ಎಂದರೆ ಶೇ 95ರಷ್ಟು ಖಾತ್ರಿ ಎಂದಲ್ಲ

‘ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂದರೆ ನಮ್ಮ ಪ್ರಾಕ್ಕಲ್ಪನೆ (ಪರೀಕ್ಷಿಸಲು ಹೊರಟ ಊಹೆ) ನಿಜವಾಗಿರುವ ಸಾಧ್ಯತೆ ಶೇ 95’ ಎಂಬ ಟಿಪ್ಪಣಿ ಬೆಂಗಳೂರಿನ ಮನಶ್ಶಾಸ್ತ್ರ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ದಯವಿಟ್ಟು ಪ್ರಾಜೆಕ್ಟ್ ವರದಿಗೆ ಇಳಿಸಬೇಡಿ.

ಪಿ ವ್ಯಾಲ್ಯೂ ಎಂದರೆ ಸಂಖ್ಯಾಶಾಸ್ತ್ರದ ಪರೀಕ್ಷೆಯಿಂದ ಸಿಗುವ ಒಂದು ಸಂಖ್ಯೆ. ಅದರ ಲೆಕ್ಕ ಶುರುವಾಗುವುದೇ ‘ವ್ಯತ್ಯಾಸ ಏನೂ ಇಲ್ಲ’ ಎಂದು ಇಟ್ಟುಕೊಂಡು. ಹಾಗಿದ್ದೂ ನಮ್ಮ ಅಧ್ಯಯನದಲ್ಲಿ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ ಎಷ್ಟು ಎಂದಷ್ಟೇ ಅದು ಹೇಳುತ್ತದೆ.

ಲೆಕ್ಕ ಹಾಕಿ ನೋಡಿ. 1,000 ಪ್ರಾಕ್ಕಲ್ಪನೆಗಳಲ್ಲಿ 100 ಮಾತ್ರ ನಿಜ ಎನ್ನಿ. ಪರೀಕ್ಷೆಯ ಪವರ್ (ನಿಜವಾದ ವ್ಯತ್ಯಾಸವನ್ನು ಪತ್ತೆಹಚ್ಚುವ ಸಾಧ್ಯತೆ) ಶೇ 80 ಇದ್ದರೆ 80 ಪತ್ತೆಯಾಗುತ್ತವೆ. ಉಳಿದ 900ರಲ್ಲಿ, 0.05ರ ಮಿತಿಯಂತೆ, ಶೇ 5, ಅಂದರೆ 45, ಸುಮ್ಮನೆ ‘ಸಿಗ್ನಿಫಿಕೆಂಟ್’ (ಪಿ ಆ ಮಿತಿಗಿಂತ ಕಡಿಮೆ) ಎಂದು ತೋರುತ್ತವೆ. ಹೀಗೆ ಸಿಕ್ಕ 125ರಲ್ಲಿ 45 ಸುಳ್ಳು. ಶೇ 5 ಅಲ್ಲ, ಶೇ 36!

ವರದಿಯಲ್ಲಿ ಪಿ ಜೊತೆಗೆ ಎಫೆಕ್ಟ್ ಸೈಜ್ (ವ್ಯತ್ಯಾಸ ಎಷ್ಟು ದೊಡ್ಡದು), ಕಾನ್ಫಿಡೆನ್ಸ್ ಇಂಟರ್ವಲ್ (ಆ ಅಂದಾಜು ಎಷ್ಟು ನಿಖರ ಎಂದು ತೋರುವ ವ್ಯಾಪ್ತಿ) ಎರಡನ್ನೂ ಬರೆಯಿರಿ.